ಸೂರುನೀರು ಬೀಳುವ ಜಾಗ

ಲರಾಲ್ದೆ ಮನೆ,
ಬಸ್ತಾನ್ ಕಣಿವೆ.
೧೯೮೬ ನವೆಂಬರ್ ೯, ಭಾನುವಾರ

ಪ್ರೀತಿಯ ಬಿಷೆಂಟಾ,

ನಿನ್ನ ಮೂರು ಪತ್ರಗಳೂ ಕೈಸೇರಿವೆ. ಅಂಚೆಯವನನ್ನು ಬೈಯಬೇಡ, ಅವನದೇನೂ ತಪ್ಪಿಲ್ಲ. ಹಸು ಕರು ಹಾಕಿತು, ಮೆಣಸಿನಕಾಯಿ ಪೋಣಿಸುವುದಿತ್ತು, ಕನ್ನಡಕ ಒಡೆಯಿತು ಎಂದು ಏನೇನೋ ಬರೆಯೋಣವೆಂದಿದ್ದೆ. ಎಲ್ಲ ನೆಪ. ಬರೆಯಲು ಹೆದರಿಕೆಯಾಗಿತ್ತು, ಅಷ್ಟೇ. ಮೂರನೆಯ ಪತ್ರದಲ್ಲಿ ನೀನು 'ಪ್ರೀತಿಯ ಅಕ್ಕ' ಎಂದೂ ಬರೆಯದೆ 'ಸಹಿ ಹಾಕುತ್ತೀಯೋ ಇಲ್ಲವೋ' ಎಂದೇ ಶುರುಮಾಡಿದ್ದೀಯ. ಬರೆ, ಇನ್ನೂ ಬರೆ. ನನಗೆ ಹಾಗೇ ಆಗಬೇಕು.

ನೀನು ಬಾಡಿಗೆಗಿರುವ ಎರಡು ಕೋಣೆಯನ್ನು ಮಾಲೀಕ ಮಾರುತ್ತಾನೆ, ಈ ತಿಂಗಳ ಕೊನೆಯೊಳಗೆ ನೀನು ಕೊಳ್ಳದಿದ್ದರೆ ಬೇರೆಯವರಿಗೆ ಕೊಡುತ್ತಾನೆ ಎಂಬುದು ನನ್ನ ತಲೆಯಲ್ಲಿದೆ. ಮೂವತ್ತು ವರ್ಷ ಅದೇ ಕಿಟಕಿಯ ಬಳಿ ಕೂತು ಊರವರ ಬಟ್ಟೆ ಹೊಲಿದವಳು, ಈ ವಯಸ್ಸಿನಲ್ಲಿ ಹೊಲಿಗೆಯಂತ್ರ ಹೊತ್ತುಕೊಂಡು ಎಲ್ಲಿಗೆ ಹೋಗುತ್ತೀಯ? ಮದುವೆಯಾಗದೆ ಉಳಿದ ಮಗಳಿಗೆ ಸಾಯುವ ತನಕ ಹುಟ್ಟಿದ ಮನೆಯಲ್ಲಿ ಒಂದು ಕೋಣೆ, ಒಲೆಯ ಮುಂದೆ ಒಂದು ಜಾಗ ಇದ್ದೇ ಇರುತ್ತದೆ. ಆ ಹಕ್ಕನ್ನೂ ನೀನು ಆಗಸ್ಟಿನಲ್ಲಿ ಒಂದೇ ಸಾಲು ಬರೆದು ಬಿಟ್ಟುಕೊಟ್ಟೆ. 'ಆ ಮನೆಯ ಒಂದು ಕಲ್ಲೂ ನನಗೆ ಬೇಡ, ಮಾರಿ ನನ್ನ ಪಾಲು ಕಳಿಸು.' ನಿನ್ನ ಕಡೆಯಿಂದ ಎಲ್ಲ ಮುಗಿದಿದೆ. ಈಗ ಅಡ್ಡ ನಿಂತಿರುವವಳು ನಾನೊಬ್ಬಳೇ.

ಕೊಳ್ಳುವವರು ಸರಗೋಸಾದ ಗಂಡ ಹೆಂಡತಿ. ಗಂಡನ ಹೆಸರು ಡಾನ್ ಎವಾರಿಸ್ತೊ, ಕನ್ನಡಕದ ಅಂಗಡಿ ಇಟ್ಟಿದ್ದವನು. ಕೆಟ್ಟ ಮನುಷ್ಯನಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ೧೬೯೨ ಎಂದು ಕೊರೆದದ್ದನ್ನು ಏಣಿ ಹತ್ತಿ ಕೈಯಿಂದ ಸವರಿ ನೋಡಿದ. ಕೆಳಗಿನ ಕೊಟ್ಟಿಗೆಯ ಕಮಾನು ನೋಡಿ ಅವನ ಹೆಂಡತಿ ಶಿಲುಬೆಯ ಗುರುತು ಹಾಕಿಕೊಂಡಳು, ಚರ್ಚಿಗೆ ಬಂದಳೆಂದುಕೊಂಡಳೋ ಏನೋ. ನಾನು ಗಿಣ್ಣು, ಜೋಳದ ರೊಟ್ಟಿ ಕೊಟ್ಟೆ. ಎಲ್ಲ ಚೆನ್ನಾಗಿಯೇ ಇತ್ತು. ಹದಿನೈದು ದಿನದ ಕೆಳಗೆ ಅವನು ಒಬ್ಬ ಎಂಜಿನಿಯರನನ್ನು ಕರೆತಂದ ನೋಡು, ಅಲ್ಲಿಂದ ಶುರುವಾಯಿತು.

ಆ ಚಿಗುರುಮೀಸೆಯ ಎಂಜಿನಿಯರ್ ಗೋಡೆಗೆ ಬೆರಳೊತ್ತಿ, ಮೂಸಿ, ತೇವ ಏರುತ್ತಿದೆ ಎಂದ. ಮುನ್ನೂರು ವರ್ಷದಿಂದ ಏರುತ್ತಲೇ ಇದೆ, ಮನೆ ಬಿದ್ದಿದೆಯೇ ಎಂದೆ. ಅವನು ಕೇಳಿಸಿಕೊಳ್ಳಲೂ ಇಲ್ಲ. ಚಾವಣಿಯ ಅಂಚಿಗೆ ತಗಡಿನ ದೋಣಿ ಕಟ್ಟಿಸಿ ನೀರು ಸೂರಿನಿಂದ ಕೆಳಗೆ ಬೀಳದ ಹಾಗೆ ಮಾಡಬೇಕಂತೆ. ಗೋಡೆಯ ಸುತ್ತ, ಸರಿಯಾಗಿ ಸೂರಿನಡಿಯಲ್ಲಿ, ಆಳೆತ್ತರ ಅಗೆದು ಕೊಳವೆ ಹಾಕಬೇಕಂತೆ. ಯಂತ್ರ ತಂದರೆ ಎರಡು ದಿನದ ಕೆಲಸವಂತೆ. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಒಳಗೆ ಹೋಗಿ ಇಟ್ಟು ಬಂದು, ಸೂರಿನಡಿ ಗುದ್ದಲಿ ಹಾಕಬಾರದು, ಹಾಗೆಂದು ಕ್ರಯಪತ್ರದಲ್ಲಿ ಬರೆಸಿದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದೆ.

ಏಕೆ ಎಂದು ಡಾನ್ ಎವಾರಿಸ್ತೊ ಕೇಳಿದ. ನಿನಗೆ ಹೇಳಬೇಕಾದ್ದಿಲ್ಲ, ಅವನಿಗೆ ಹೇಳಿದೆ. ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡ ಕೂಸುಗಳನ್ನು ಪಾದ್ರಿಗಳು ಸಮಾಧಿಭೂಮಿಗೆ ಸೇರಿಸುತ್ತಿರಲಿಲ್ಲ. ಮನೆಯವರು ತಂದು ಸೂರಿನಡಿ ಹೂಳುತ್ತಿದ್ದರು. ಮನೆಯ ಮಾಡಿನ ನೀರು ಮನೆಯ ಮಕ್ಕಳ ಮೇಲೆ ಬೀಳುತ್ತಿರಲಿ ಎಂದು. ಈ ಕಣಿವೆಯ ಎಲ್ಲ ಮನೆಯಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಆದರೂ ಮೂರು ದಿನ ಕಳೆದು ಫೋನಿನಲ್ಲಿ ಹೇಳಿದ್ದು, ತೇವದ ಮನೆಯಲ್ಲಿ ಹೆಂಡತಿಯ ಉಬ್ಬಸ ಹೆಚ್ಚುತ್ತದೆ, ಕೊಳವೆ ಹಾಕದೆ ಆಗುವುದಿಲ್ಲ, ೨೧ರ ಶುಕ್ರವಾರ ಸಹಿಯಾಗದಿದ್ದರೆ ಬೇರೆ ಮನೆ ನೋಡುತ್ತೇವೆ ಎಂದು.

ಗಂಡನೆನಿಸಿಕೊಂಡ ಯೋಆಕಿನ್ ಆವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಅವನ ಮಂಡಿ ನಿನಗೆ ಗೊತ್ತಲ್ಲ, ಎರಡು ಕೋಲಿಲ್ಲದೆ ಮೆಟ್ಟಿಲಿಳಿಯಲಾರ. ಪೇಟೆಯ ಬೀದಿಯಲ್ಲಿ ನೆಲಮಟ್ಟದ ಮನೆ ನೋಡಿಟ್ಟಿದ್ದೇವೆ, ನಮಗೆ ಮಕ್ಕಳಿಲ್ಲ, ಇಷ್ಟು ದೊಡ್ಡ ಕಲ್ಲಿನ ಗುಡ್ಡೆ ಇಟ್ಟುಕೊಂಡು ಮಾಡುವುದೇನು? ಮೊನ್ನೆ ಊಟಕ್ಕೆ ಕೂತವನು ತಟ್ಟೆ ಸರಿಸಿ ಕೇಳಿಯೇಬಿಟ್ಟ.

"ನೂರು ವರ್ಷದ ಎಲುಬಿಗೋಸ್ಕರ ಬದುಕಿರೋ ತಂಗೀನ ಬೀದಿಗೆ ತಳ್ತೀಯಲ್ಲೇ. ಎಂಥ ಅಕ್ಕನೇ ನೀನು?"

ಮೂವತ್ತೈದು ವರ್ಷ ಜೊತೆಯಲ್ಲಿ ಬಾಳಿದ ಗಂಡ, ಒಂದು ಮಾತಿಗೆ ಹತ್ತು ಮಾತು ಹಿಂದಿರುಗಿಸುವ ಹೆಂಡತಿಯ ಬಾಯಿ ಕಟ್ಟಿದ್ದನ್ನು ಮೊದಲ ಸಲ ನೋಡಿದ. ಗೆದ್ದೆನೆಂದುಕೊಂಡು ಇನ್ನೊಂದು ತುಂಡು ರೊಟ್ಟಿ ಹಾಕಿಕೊಂಡ. ನಾನು ಎದ್ದು ಹೋಗಿ ಕೋಳಿಗಳ ಹತ್ತಿರ ಅತ್ತೆ.

ನಿನ್ನೆ ಪಾದ್ರಿ ಬಂದಿದ್ದರು. ಯೋಆಕಿನ್‌ನೇ ಹೇಳಿಕಳಿಸಿದ್ದು, ಬೇರೆ ಯಾರು? ಹೊಸ ಪಾದ್ರಿ, ನಿನಗೆ ಗೊತ್ತಿಲ್ಲ, ಹೊರಗಿನ ಊರಿನವರು, ಮೃದು ಮಾತು. ಈಗ ಚರ್ಚು ಮೊದಲಿನ ಹಾಗಿಲ್ಲ, ಆ ಕೂಸುಗಳನ್ನು ಹೊರಗಿಡುವುದಿಲ್ಲ, ನಿಧಾನವಾಗಿ ಕೈಯಿಂದಲೇ ಅಗೆದು ಸಿಕ್ಕಿದ್ದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಸಮಾಧಿಭೂಮಿಯಲ್ಲಿ ಮನೆಯವರ ಪಕ್ಕ ಮಲಗಿಸೋಣ ಎಂದರು. ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ, ಬಿಷೆಂಟಾ. ಇಷ್ಟು ವರ್ಷ ಕೇಳಲೇ ಇಲ್ಲವಲ್ಲ. ಆಮೇಲೆ ಅವರು ಕೇಳಿದರು.

"ಕೊನೇ ಮಗು ಯಾವ ಕಾಲದ್ದಮ್ಮಾ?"

"ನಮ್ಮಜ್ಜಿ ಕಾಲದ್ದು, ಫಾದರ್."

"ಹಾಗಿದ್ರೆ ಮಣ್ಣು ಬಿಟ್ರೆ ಏನೂ ಸಿಗಲಿಕ್ಕಿಲ್ಲ. ಒಂದು ಹಿಡಿ ತಗೊಂಡು ಹೋದ್ರೂ ಸಾಕು."

ಸುಳ್ಳು ಹೇಳಿದೆ. ಪಾದ್ರಿಯ ಎದುರು, ನಮ್ಮ ಅಡಿಗೆಮನೆಯಲ್ಲಿ ನಿಂತು. ಅವರು ಹೋದ ಮೇಲೂ ಕೆನ್ನೆ ಉರಿಯುತ್ತಲೇ ಇತ್ತು. ಇವತ್ತು ಪೂಜೆಗೆ ಹೋದರೂ ಪ್ರಸಾದ ತೆಗೆದುಕೊಳ್ಳದೆ ಬೆಂಚಿನಲ್ಲೇ ಕೂತಿದ್ದೆ. ಪಕ್ಕದ ಮನೆಯವಳು ತಿರುತಿರುಗಿ ನೋಡಿದಳು, ನೋಡಲಿ.

ಈಗ ನಾನು ಮಾಡಿರುವ ತೀರ್ಮಾನ ಕೇಳು. ಶುಕ್ರವಾರ ೨೧ರಂದು ಹನ್ನೊಂದು ಗಂಟೆಗೆ ಸಹಿ ಹಾಕುತ್ತೇನೆ. ನಿನ್ನ ಎರಡು ಕೋಣೆ ನಿನ್ನದೇ ಆಗುತ್ತದೆ, ಆ ಚಿಂತೆ ಬಿಡು. ಅದರ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಪಾದ್ರಿ ಬರುತ್ತಾರೆ. ಸೂರಿನಡಿ ನಾನೇ ಅಗೆಯುತ್ತೇನೆ, ಕೂಲಿಯವರು ಬೇಡ. ಆದರೆ ನೀನು ಬರದೆ ನಾನು ಗುದ್ದಲಿ ಹಾಕುವುದಿಲ್ಲ. ಮೂವತ್ತೇಳು ವರ್ಷದಿಂದ ನೀನು ಈ ಹೊಸಿಲು ದಾಟಿಲ್ಲ. ಅಮ್ಮ ಸತ್ತಾಗಲೂ ಚರ್ಚಿನ ತನಕ ಬಂದು ಅಲ್ಲಿಂದಲೇ ತಿರುಗಿ ಹೋದೆ. ಈ ಒಂದು ಸಲ ಬುಧವಾರ ಮಧ್ಯಾಹ್ನದ ಬಸ್ಸಿಗೆ ಬಂದುಬಿಡು. ಒಳಗೆ ಬರಲು ಮನಸ್ಸಿಲ್ಲದಿದ್ದರೆ ಅಂಗಳದಲ್ಲೇ ಕುರ್ಚಿ ಹಾಕಿಕೊಡುತ್ತೇನೆ. ಬೈಯುವುದಿದ್ದರೆ ಮುಖದ ಮೇಲೇ ಬೈ, ಕಾಗದದಲ್ಲಿ ಬೇಡ.

ಕಾಲಿಗೆ ಬೆಚ್ಚಗೆ ಹಾಕಿಕೊ, ಇಲ್ಲಿ ಚಳಿ ಇಳಿದಿದೆ. ನಿನ್ನ ಕಣ್ಣಿಗೆ, ನಿನ್ನ ಕೈಗೆ ಆಯಸ್ಸು ಇರಲಿ. ಕನ್ಯಾಮಾತೆ ನಿನ್ನ ಜೊತೆಗಿರಲಿ. ನನ್ನ ಜೊತೆಗಿರು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಕ್ಕ,
ಎಂಗ್ರಾಸಿ

ತಾ.ಕ. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ಇದನ್ನು ಬರೆಯದೆ ನಿನ್ನನ್ನು ಕರೆಸಿಕೊಂಡರೆ ಅದೂ ಮೋಸವೇ.

ಸೂರಿನಡಿಯ ಕೊನೆಯ ಮಗು ಅಜ್ಜಿಯ ಕಾಲದ್ದಲ್ಲ. ೧೯೪೯ರ ಡಿಸೆಂಬರ್ ಮೊದಲ ವಾರದ್ದು. ನಿನ್ನ ಮಗಳು. ಸತ್ತೇ ಹುಟ್ಟಿತು, ಸೂರಿನಡಿಯೂ ಜಾಗ ಕೊಡುವುದಿಲ್ಲವೆಂದು ಅಪ್ಪ ಸಮಾಧಿಭೂಮಿಯ ಗೋಡೆಯ ಹೊರಗೆ ಹೂತು ಬಂದ ಎಂದು ನಿನಗೆ ಹೇಳಿದೆವು. ಇಲ್ಲೇ ಇದೆಯೆಂದು ಗೊತ್ತಾದರೆ ನೀನು ಅಲ್ಲೇ ಕೂತು ಅಳುತ್ತೀಯ, ಊರಿಗೆ ತಿಳಿಯುತ್ತದೆ ಎಂಬ ಹೆದರಿಕೆ ಅಮ್ಮನಿಗೆ. ಅಂದಿನಿಂದ ನೀನು ಈ ಮನೆಯನ್ನು ದ್ವೇಷಿಸಿದೆ. ಪ್ರತಿ ವರ್ಷ ಸತ್ತವರ ಹಬ್ಬದ ದಿನ ಬಸ್ಸಿಳಿದು ಆ ಗೋಡೆಯ ಮೂಲೆಯಲ್ಲಿ ಮೇಣದಬತ್ತಿ ಹಚ್ಚಿ ಹಾಗೇ ಹಿಂತಿರುಗುತ್ತೀಯ. ಹೋದ ಭಾನುವಾರವೂ ನೋಡಿದೆ. ಅಲ್ಲಿ ಏನೂ ಇಲ್ಲ, ಬಿಷೆಂಟಾ. ಅವಳು ಪೂರ್ವದ ಗೋಡೆಯ ಬಳಿ, ಒಂದು ಸಾಬೂನಿನ ಪೆಟ್ಟಿಗೆಯಲ್ಲಿ, ನಿನ್ನ ನೀಲಿ ಏಪ್ರನ್ನಿನಲ್ಲಿ ಇದ್ದಾಳೆ. ನಾನೇ ಸುತ್ತಿದ್ದು.

ಸತ್ತು ಹುಟ್ಟಲಿಲ್ಲ ಅವಳು. ಬೆಳಗಿನ ಹಾಲು ಕರೆಯುವ ಹೊತ್ತು. ಅಮ್ಮ ಅವಳನ್ನು ಪಕ್ಕದ ಕೋಣೆಗೆ ತಂದಳು. ತುಟಿ ನೀಲಿಗಟ್ಟಿತ್ತು, ಉಳಿಯುವುದಿಲ್ಲವೆಂದು ಕಂಡರೇ ತಿಳಿಯುತ್ತಿತ್ತು. ನೀರಿನ ಹೂಜಿ ನನ್ನ ಕೈಯಲ್ಲಿತ್ತು. ಹಣೆಗೆ ನೀರು ಹಾಕಿ ಜ್ಞಾನಸ್ನಾನದ ಆ ನಾಲ್ಕು ಮಾತು ಹೇಳಲು ಪಾದ್ರಿಯೇ ಬೇಕೆಂದಿಲ್ಲ, ಯಾರಾದರೂ ಹೇಳಬಹುದು, ನಾನೂ ಹೇಳಬಹುದಿತ್ತು. ಅಮ್ಮ ಅಂದಳು, "ನೀರು ಹಾಕಿದ್ರೆ ಚರ್ಚಿನ ಪುಸ್ತಕದಲ್ಲಿ ತಾಯಿ ಹೆಸರು ಬರೆಸ್ಬೇಕಾಗುತ್ತೆ. ಇಡು ಕೆಳಗೆ." ಇಟ್ಟೆ. ಇಪ್ಪತ್ತನಾಲ್ಕು ವರ್ಷದ ಕತ್ತೆ ನಾನು, ಇಟ್ಟುಬಿಟ್ಟೆ.

ಅವಳು ಎರಡು ಸಲ ಅತ್ತಳು. ಗೋಡೆಯ ಆಚೆಯಿಂದ ನಿನಗೆ ಕೇಳಿಸಿತು. ನಾನು ಒಳಗೆ ಬಂದಾಗ ನನ್ನ ಕೈ ಹಿಡಿದು, "ಅತ್ತಿತಲ್ವಾ ಅಕ್ಕಾ?" ಅಂದೆ. ಕೆಳಗೆ ಕೊಟ್ಟಿಗೆಯಲ್ಲಿ ಕುರಿಮರಿ ಕೂಗಿದ್ದು ಎಂದೆ. ನಂಬಿದೆ. ಸೆಪ್ಟೆಂಬರಿನಿಂದ ಮೇಲಿನ ಕೋಣೆ ಬಿಟ್ಟು ಇಳಿಯದ ನಿನಗೆ ಕೊಟ್ಟಿಗೆಯ ಸುದ್ದಿ ಹೇಗೆ ಗೊತ್ತಿರಬೇಕು? ಆ ವರ್ಷ ನಮ್ಮ ಮೊದಲ ಕುರಿ ಈದದ್ದು ಕ್ರಿಸ್ಮಸ್ ಕಳೆದ ಮೇಲೆ.