ಕಡಲ ತಳಕ್ಕೆ ಹೋಗಿಬಂದ ಲೋಟ

ಮಾರ್ಚ್ ೧೨
ಹಡಗಿನಿಂದ

ಚೂಟಿಯ ಅಪ್ಪನವರಿಗೆ,

ನಾನು ಕ್ಷೇಮ. ನೀವು, ಅತ್ತೆ, ಚೂಟಿ, ಬೆಕ್ಕು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮೂರು ವಾರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡಿ. ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು. ನಾಳೆ ಸಾಮಾನು ತರುವ ದೋಣಿ ಬರುತ್ತದೆ, ಅದರಲ್ಲಿ ಇದನ್ನು ಕಳಿಸುತ್ತೇನೆ.

ಕಡಲ ತಳದ ಬಿಸಿನೀರಿನ ಬುಗ್ಗೆಗೆ ರೋಬಾಟ್ ಇಳಿಸಲು ನಾಲ್ಕು ಸಲ ಹೊರಟೆವು. ಒಮ್ಮೆ ದೀಪ ಕೆಟ್ಟಿತು. ಇನ್ನೊಮ್ಮೆ ಕೇಬಲ್ ಸಿಕ್ಕುಬಿತ್ತು. ಮೂರನೆಯ ಸಲ ಎಲ್ಲ ಸರಿಯಿತ್ತು, ಗಾಳಿ ಜೋರೆಂದು ಕ್ಯಾಪ್ಟನ್ ಬಿಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ!

ನಿನ್ನೆ ಅಂತೂ ತಳ ಮುಟ್ಟಿತು. ಆರು ವರ್ಷದ ಹಿಂದೆ ನಾನೇ ಗುರುತು ಹಾಕಿ ಬಂದ ಬುಗ್ಗೆ. ಆಗ ಹೊಗೆಯಂತೆ ಕಪ್ಪು ನೀರು ಉಗುಳುತ್ತಿತ್ತು, ಸುತ್ತ ಕೊಳವೆಹುಳುಗಳ ಕಾಡೇ ಇತ್ತು. ಅವುಗಳಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಮೈಯೊಳಗಿನ ಸೂಕ್ಷ್ಮಜೀವಿಗಳೇ ಅಡುಗೆ ಮಾಡಿ ಹಾಕುತ್ತವೆ. "ನಿನ್ನ ಹಾಗೇ ಬಿಡು, ಕೂತಲ್ಲೇ ಊಟ" ಎಂದು ಅತ್ತೆ ಆಗ ನನ್ನನ್ನು ಛೇಡಿಸಿ ನಕ್ಕಿದ್ದರಲ್ಲ. ಈಗ ಅಲ್ಲಿ ಖಾಲಿ ಕೊಳವೆಗಳಷ್ಟೇ. ರೋಬಾಟ್ ನಡೆಸುವವನು ನೀರಿನ ಬಿಸಿ ಅಳೆದು, "ಮೇಡಂ, ಒಲೆ ಆರಿಹೋಗಿದೆ. ಇನ್ಯಾಕೆ ಕಾಯೋದು?" ಎಂದ. ನನಗೆ ಅವನ ಮೇಲೇ ರೇಗಿತು. ಪಾಪ, ಅವನೇನು ಮಾಡಿಯಾನು.

ಸಂಜೆ ತಂಡದ ಹಿರಿಯರು ಕರೆದರು. "ಪಕ್ಕದ ದಿಬ್ಬದಲ್ಲಿ ಬಿಸಿ ಇರೋ ಸುಳಿವಿದೆ. ಇನ್ನೆರಡು ತಿಂಗಳು ಇರ್ತೀರಾ?" ಹೂಂ ಅಂದುಬಿಟ್ಟೆ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೇಗೆ ಮರಳಲಿ, ನೀವೇ ಹೇಳಿ. ಚೂಟಿಗೆ ಹೇಗಾದರೂ ತಿಳಿಸಿ ಒಪ್ಪಿಸಿ.

ಹೊರಡುವ ದಿನ ಅವಳು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ಥರ್ಮಕೋಲ್ ಲೋಟವನ್ನು ಬಲೆಚೀಲದಲ್ಲಿ ಹಾಕಿ ರೋಬಾಟಿಗೆ ಕಟ್ಟಿದ್ದೆ. ಇಲ್ಲಿ ಎಲ್ಲರೂ ಮಕ್ಕಳು ಚಿತ್ರ ಬರೆದ ಲೋಟವನ್ನು ಹೀಗೆ ಕೆಳಗೆ ಕಳಿಸುತ್ತಾರೆ. ನೀರಿನ ಒತ್ತಡಕ್ಕೆ ಕುಗ್ಗಿ ಹೆಬ್ಬೆರಳಿನಷ್ಟಾಗಿ ಬರುತ್ತದೆ. ಕಟ್ಟುವಾಗಲೂ ಅವಸರ, ಚಿತ್ರ ಏನೆಂದು ನೋಡಲಿಲ್ಲ. ಇನ್ನೂ ಚೀಲದಲ್ಲೇ ಇದೆ. ಈ ಪತ್ರದ ಜೊತೆ ಇಡುತ್ತೇನೆ, ಅವಳಿಗೆ ಖುಷಿಯಾದೀತು.

ಅತ್ತೆಗೆ ನಮಸ್ಕಾರ. ಚೂಟಿಗೆ ಒಳ್ಳೆಯದಾಗಲಿ, ಆ ಹಾಳು ಕೆಮ್ಮು ಅವಳ ಹತ್ತಿರ ಸುಳಿಯದಿರಲಿ.

ನಿಮ್ಮವಳು

ವಿ.ಸೂ.: ಪತ್ರದ ಜೊತೆ ಇಡಲೆಂದು ಲೋಟ ಈಚೆ ತೆಗೆದೆ. 'ನಮ್ಮ ಮನೆಯವರು' ಎಂದು ಬರೆದಿದ್ದಾಳೆ. ನೀವಿದ್ದೀರಿ, ಅತ್ತೆ ಇದ್ದಾರೆ, ಅವಳಿದ್ದಾಳೆ, ಬೆಕ್ಕೂ ಇದೆ. ಕುಗ್ಗಿದ್ದಕ್ಕೆ ಕಾಣುತ್ತಿಲ್ಲವೇನೋ ಎಂದು ಹುಳು ನೋಡುವ ಮೈಕ್ರೋಸ್ಕೋಪಿನ ಕೆಳಗಿಟ್ಟು, ಸುತ್ತ ತಿರುಗಿಸಿ ತಿರುಗಿಸಿ ಹುಡುಕಿದೆ. ನಾನಿಲ್ಲ.

ಎರಡು ತಿಂಗಳ ಮಾತು ಅವಳಿಗೆ ಹೇಳಬೇಡಿ, ಹಿರಿಯರಿಗೆ ಆಗುವುದಿಲ್ಲ ಎಂದುಬಿಡುತ್ತೇನೆ. ಲೋಟ ಕಳಿಸುತ್ತಿಲ್ಲ, ನಾನೇ ತರುತ್ತೇನೆ.