ಕೆಂಪು ಚುಕ್ಕೆಯ ಉಪವಾಸ

ನನ್ನ ಕಮಲಾ ಅತ್ಯಾ,

ಪತ್ರದ ಮೊದಲ ಸಾಲಿನಲ್ಲಿ ಕ್ಷೇಮ ಸಮಾಚಾರ ಇರಲೇಬೇಕು ಎಂದು ಕಲಿಸಿದವಳು ನೀನು. ಇತ್ತ ನಾವೆಲ್ಲ ಆರಾಮ. ಅತ್ತ ಹೇಗೆ ಎಂದು ಕೇಳುವಂತಿಲ್ಲ, ನೀನು ಹೋಗಿ ಎರಡು ವರ್ಷವಾಯಿತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಲ್ಯಾಬಿನಿಂದ ಒಂದು ಸುದ್ದಿ ಇದೆ. ನೀನು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದ ಅದೇ ಸುದ್ದಿ. ಸ್ವಲ್ಪ ತಾಳು, ಹೇಳುತ್ತೇನೆ.

ದುರ್ಗದಬೈಲಿನ ಆ ಬಳೆ ಅಂಗಡಿ ನೆನಪಿದೆಯೇ? ನಾನು ಆರನೆಯ ಇಯತ್ತೆ. ಸಂತೆಯ ಚೀಲ ಹಿಡಿದು ನಡೆಯುತ್ತಿದ್ದವಳು ನೀನು ಗಕ್ಕನೆ ನಿಂತು ನನ್ನ ಮುಂಗೈ ಹಿಡಿದೆ. ಎಷ್ಟು ಬಿಗಿಯಾಗಿ ಎಂದರೆ ಬೆರಳಿನ ಗುರುತು ಮೂಡಿತ್ತು. ಆಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂತು, "ಹಸರು ಬಳಿ ತೋರಸ್ರಿ" ಅಂದೆ. ಅರ್ಧ ಗಂಟೆ ಬಳೆ ನೋಡಿದೆ. ಹಣೆಯ ಮೇಲೆ ಬೆವರು. ಅಷ್ಟು ಹೊತ್ತು ಕೂತ ಮುಲಾಜಿಗೆ ಒಂದು ಡಜನ್ ಕೊಂಡೆ. ನಮ್ಮ ಮನೆಯ ಕಪಾಟಿನಲ್ಲಿ ಅಷ್ಟೊಂದು ಹಸಿರು ಬಳೆ ಏಕಿದ್ದವು ಎಂದು ನನಗೆ ಬಹಳ ವರ್ಷ ಗೊತ್ತಾಗಿರಲಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀನು ಇಡುತ್ತಿದ್ದ ಕೆಂಪು ಚುಕ್ಕೆಗಳೂ ಹಾಗೆಯೇ. ಸಾಲಿಯ ಮಕ್ಕಳ ಪೇಪರ್ ತಿದ್ದುವ ಪೆನ್ನಿನಿಂದ ತಿಂಗಳಿಗೆ ನಾಲ್ಕೋ ಐದೋ ಚುಕ್ಕೆ. ಅಪ್ಪ ಒಮ್ಮೆ, "ಇವೇನಕ್ಕಾ?" ಎಂದಾಗ ನೀನು, "ನನ್ನ ಉಪವಾಸದ ದಿನಾ" ಅಂದುಬಿಟ್ಟೆ. ಮುಗಿಯಿತು! ಅಂದಿನಿಂದ ಚುಕ್ಕೆಯ ದಿನ ನಿನಗೆ ಯಾರೂ ರೊಟ್ಟಿ ಬಡಿಯಲಿಲ್ಲ. ಅವ್ವ ಸಾಬೂದಾಣಿ ಖಿಚಡಿ ಮಾಡಿ ಮುಂದಿಡುತ್ತಿದ್ದಳು, ನೀನು ಎರಡು ತುತ್ತು ತಿಂದು ಮಲಗುತ್ತಿದ್ದೆ. ದೇಶಪಾಂಡೆ ನಗರದ ನಮ್ಮ ಓಣಿಯಲ್ಲೆಲ್ಲ ಅಪ್ಪನದು ಒಂದೇ ಮಾತು: "ನಮ್ಮಕ್ಕ ಭಾಳ ನೇಮದಾಕಿ." ಅವ್ವನಿಗೂ ನಿಜ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಸುಮ್ಮನಿದ್ದಳೇ? ಉಪವಾಸ ಎಂದರೆ ಮನೆಗೆ ಮರ್ಯಾದೆ, ಹೊಟ್ಟೆನೋವು ಎಂದರೆ...

ಒಂಬತ್ತನೆಯ ಇಯತ್ತೆಯಲ್ಲಿ ನಾನು ನಿನ್ನನ್ನು ಹಿಡಿದುಹಾಕಿದೆ. ಕ್ಯಾಲೆಂಡರಿನಲ್ಲಿ ಸಂಕಷ್ಟಿ ಒಂದು ಕಡೆ ಅಚ್ಚಾಗಿದೆ, ಏಕಾದಶಿ ಇನ್ನೊಂದು ಕಡೆ, ನಿನ್ನ ಚುಕ್ಕೆಗಳು ಎರಡಕ್ಕೂ ಸಂಬಂಧವಿಲ್ಲದೆ ತಿಂಗಳಿಂದ ತಿಂಗಳಿಗೆ ಜಾರುತ್ತಿವೆ. ಯಾವ ದೇವರದು ಈ ಉಪವಾಸ ಎಂದು ಪತ್ತೇದಾರರ ಗತ್ತಿನಲ್ಲಿ ಕೇಳಿದೆ. ನೀನು ನಗಲಿಲ್ಲ.

"ಯಾವ ದೇವರದೂ ಅಲ್ಲ ಸವಿ. ನೋವು ಬಂದ ದಿನಾ ಅವು. ಊಟ ಗಂಟಲದಾಗ ಇಳಿಯೂದಿಲ್ಲ."

"ಮತ್ತ ಎಲ್ಲಾರಿಗೂ ಹಂಗ್ಯಾಕ ಹೇಳಿದಿ?"

"ಸಾಲ್ಯಾಗ ಹೆಡ್‌ಮಾಸ್ತರಿಗೆ ಖರೇ ಹೇಳಿದ್ದೆ. ಎಲ್ಲಾ ಹೆಣ್ಮಕ್ಕಳಿಗೂ ಇರೂದ ಬಿಡ್ರಿ, ನೀವಷ್ಟ ನಾಟಕಾ ಮಾಡತೀರಿ ಅಂದ್ರು. ಅದಕ್ಕ ಖರೇ ಹೇಳೂದು ಬಿಟ್ಟೆ."

ನನಗೆ ಅವತ್ತು ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ನಾನು ಎಂ.ಎಸ್ಸಿ. ಓದುವಾಗ ಹಟ ಹಿಡಿದು ನಿನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ಆ ಸಿಟ್ಟಿನಿಂದಲೇ. ನೀನು ಹಳೆಯ ಕ್ಯಾಲೆಂಡರುಗಳ ಸುರುಳಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದೆ! ಡಾಕ್ಟರಮ್ಮ ಒಂದೊಂದೇ ಹಾಳೆ ತಿರುವಿ, ತಪಾಸಣೆಗಳನ್ನೆಲ್ಲ ಮಾಡಿಸಿ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥ ಕೋಶಗಳು ಹೊರಗೆಲ್ಲೋ ಅಂಟಿಕೊಂಡು ಬೆಳೆಯುತ್ತವೆ, ಅಲ್ಲೇ ಬಾವು, ಅಲ್ಲೇ ನೋವು. ನೀನು ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು, ಎರಡು ಸಲ ಓದಿ, "ಅಂದ್ರ ನಾ ನಾಟಕಾ ಮಾಡಿದ್ದಿಲ್ಲ ಹೌದಿಲ್ರಿ?" ಅಂದೆ. ಡಾಕ್ಟರಮ್ಮ ಉತ್ತರ ಕೊಡುವ ಮೊದಲೇ ಅತ್ತುಬಿಟ್ಟೆ. ನಾನೂ ಅತ್ತೆ.

ಇದೇ ರೋಗದ ಮೇಲೆ ಕೆಲಸ ಮಾಡುವ ಲ್ಯಾಬು ಹುಡುಕಿಕೊಂಡು ನಾನು ರಾಯಾಪುರದಲ್ಲಿ ಕೆಲಸಕ್ಕೆ ಸೇರಿದೆ. ನಿನ್ನ ಆಪರೇಷನ್ ಆದದ್ದು ಆಮೇಲೆ. ತೆಗೆದ ಗಂಟನ್ನು ನಮ್ಮ ಲ್ಯಾಬಿನ ಸಂಶೋಧನೆಗೆ ಕೊಡಲು ಒಪ್ಪಿಗೆಯೇ ಎಂದು ಆಸ್ಪತ್ರೆಯವರು ಕೇಳಿದಾಗ, ನೀನು ಕನ್ನಡಕ ಹಾಕಿಕೊಂಡು ಕಾಗದವನ್ನೆಲ್ಲ ಓದಿ, ಒಂದು ಅಕ್ಷರದ ತಪ್ಪನ್ನೂ ತಿದ್ದಿ, ಸಹಿ ಮಾಡಿದೆ. "ನನ್ನ ಹೆಸರು ಬರೀತಾರಿಲ್ಲೋ ಅದರ ಮ್ಯಾಲ?" ಎಂದೆ. ಇಲ್ಲ ಅತ್ಯಾ, ಬರೀ ನಂಬರು, ಯಾರದೆಂದು ನನಗೂ ಗೊತ್ತಾಗಬಾರದು ಎಂದು ನಾನು ಹೇಳಿದೆ. ನಿನಗೆ ಅದು ಸರಿಬರಲಿಲ್ಲ. "ಹಾಜರಿ ಪುಸ್ತಕದಾಗೂ ನಂಬರ್ ಇರತೈತಿ. ಆದ್ರ ಹುಡುಗರನ್ನ ಹೆಸರು ಹಿಡದ ಕರೀಬೇಕು" ಎಂದು ಆಸ್ಪತ್ರೆಯ ಮಂಚದ ಮೇಲಿಂದಲೇ ಪಾಠ ಮಾಡಿದೆ.

ನಮ್ಮ ಕೆಲಸ ನಿನಗೆ ಬಾಯಿಪಾಠವಾಗಿತ್ತು. ದಾರಿ ತಪ್ಪಿ ಬೆಳೆದ ಕೋಶಗಳನ್ನು ತೆಗೆದುಹಾಕಲು ರಕ್ತದಲ್ಲಿ ಕಾವಲು ಕೋಶಗಳಿರುತ್ತವೆ, ಈ ರೋಗದಲ್ಲಿ ಅವು ಮಂಕಾಗಿರುತ್ತವೆ. ಆರೋಗ್ಯವಂತರು ಕೊಟ್ಟ ರಕ್ತದಿಂದ ಅವನ್ನು ಬೇರ್ಪಡಿಸಿ, ಬೆಳೆಸಿ, ಚುರುಕು ಮಾಡಿ, ರೋಗದ ಕೋಶಗಳಿರುವ ತಟ್ಟೆಗೆ ಬಿಡುವುದು. ಮೊದಲ ವರ್ಷ ಅವು ಏನೂ ಮಾಡಲಿಲ್ಲ. ಎರಡನೆಯ ವರ್ಷ ಬೆಳೆಸಿದ ಕೋಶಗಳಿಗೆಲ್ಲ ಬೂಸ್ಟು ಹಿಡಿಯಿತು, ತಪ್ಪು ನನ್ನದೇ. ಲ್ಯಾಬಿನ ದಾಖಲೆ ಪುಸ್ತಕದ ಆ ಪುಟ ಹರಿಯಬೇಕು ಅನ್ನಿಸುತ್ತದೆ ಎಂದು ಫೋನಿನಲ್ಲಿ ಗೋಳಾಡಿದರೆ ನೀನು ಗದರಿದೆ: "ಹರೀಬ್ಯಾಡ! ಒಂದ ಗೆರಿ ಹೊಡಿ, ಕೆಳಗಿಂದು ಓದಾಕ ಬರಬೇಕು. ಬಾಜೂಕ ಸರೀದು ಬರಿ." ಲ್ಯಾಬಿನ ನಿಯಮವೂ ಅಕ್ಷರಶಃ ಅದೇ. ನೀನು ಮೂರನೆಯ ಇಯತ್ತೆಯ ಮಕ್ಕಳಿಗೆ ಅದನ್ನು ಹೇಳುತ್ತ ಬಂದಿದ್ದೆ.

ಈಗ ಸುದ್ದಿ. ಕಳೆದ ತಿಂಗಳು ಕಾವಲು ಕೋಶಗಳು ಎದ್ದವು. ರೋಗದ ಕೋಶಗಳನ್ನು ಹುಡುಕಿ ಹುಡುಕಿ ತೆಗೆದವು, ಪಕ್ಕದ ತಟ್ಟೆಯ ಆರೋಗ್ಯದ ಕೋಶಗಳನ್ನು ಹೆಚ್ಚುಕಡಿಮೆ ಮುಟ್ಟಲಿಲ್ಲ. ನಂಬಲಾಗದೆ ಮತ್ತೆರಡು ಸಲ ಮಾಡಿದೆ. ಮೂರು ಸಲವೂ ಅದೇ! ಇದು ಔಷಧವಲ್ಲ ಅತ್ಯಾ, ಬರೀ ತಟ್ಟೆಯೊಳಗಿನ ಮಾತು. ಮನುಷ್ಯರ ತನಕ ಹೋಗಲು ಇನ್ನೂ ಬಹಳ ದಾರಿ ಇದೆ, ನಡುವೆ ನಿಂತೂ ಹೋಗಬಹುದು. ಆದರೆ ಆ ತಟ್ಟೆಗಳಲ್ಲಿ ಒಂದು ನಿನ್ನದೂ ಇದ್ದಿರಬಹುದು. ಯಾವುದೆಂದು ಗೊತ್ತಿಲ್ಲವಾದ್ದರಿಂದ ಪ್ರತಿಯೊಂದನ್ನೂ ಮನಸ್ಸಿನಲ್ಲೇ ಕಮಲಾಬಾಯಿ ಎಂದು ಕರೆದೆ.

ಅಪ್ಪನಿಗೆ ಹೇಳಿದೆ. ಅವನು, "ಅಕ್ಕನ ಉಪವಾಸದ್ದು ಊರ ತುಂಬ ಹೇಳಿಕೋತ ಅಡ್ಡಾಡಿದೆ. ಇನ್ನ ಖರೇದು ಹೇಳತೇನಿ" ಎಂದ. ಹೇಳುತ್ತಿದ್ದಾನೆ ಕೂಡ. ನಿನ್ನೆ ಕಿರಾಣಿ ಅಂಗಡಿಯಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ರೋಗದ ಹೆಸರು, ನಿನ್ನ ಸಹಿ, ನನ್ನ ಲ್ಯಾಬು ಎಲ್ಲ ಹೇಳಿದ. ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು.

ಇನ್ನೊಂದು ಉಳಿಯಿತು. ನಮ್ಮ ಲ್ಯಾಬಿನ ಗೋಡೆಗೂ ಒಂದು ಕ್ಯಾಲೆಂಡರು ಇದೆ. ಕೋಶಗಳಿಗೆ ಎರಡು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು, ತಪ್ಪಿದರೆ ಸಾಯುತ್ತವೆ. ಅದಕ್ಕೆ ನಾವು ಊಟ ಹಾಕುವುದು ಎನ್ನುತ್ತೇವೆ. ಆ ದಿನಗಳ ಮೇಲೆ ನಾನು ಕೆಂಪು ಚುಕ್ಕೆ ಇಡುತ್ತೇನೆ, ನಿನ್ನ ಪೆನ್ನಿನಿಂದಲೇ.

ನಾಳೆ ಚುಕ್ಕೆ ಇದೆ ಅತ್ಯಾ. ಬೆಳಿಗ್ಗೆ ಲಗೂ ಹೋಗಿ ಊಟ ಹಾಕುತ್ತೇನೆ.

ನಿನ್ನ
ಸವಿ