ತಂಬಾಕು ಎರಡು ಪಾಲು, ಸೊಪ್ಪು ಒಂದು ಪಾಲು

ಕೆತಾಮ ಬೆಟ್ಟ
೧೦ ನವೆಂಬರ್ ೧೯೯೮

ಮಗಳೇ ಅರ್ಕಿಯಾ,

ನಿನಗೂ ನಿನ್ನ ಗಂಡನಿಗೂ ತೊಟ್ಟಿಲಲ್ಲಿರುವ ನನ್ನ ರಾಜನಿಗೂ ಸಲಾಂ. ಮೂರು ಕಾಗದಕ್ಕೂ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡ. ನನ್ನ ಬಲಗೈ ಸುಟ್ಟಿದೆ, ಗಾಯ ಇನ್ನೂ ಆರಿಲ್ಲ. ಮೇಷ್ಟರ ಹೆಂಡತಿ ಯಾಮ್ನಾ ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನು ಬರೆಯುತ್ತಿದ್ದಾಳೆ.

"ಅಪ್ಪ ಚಿಲುಮೆ ಬಿಟ್ಟರೆ ಚಳಿಗಾಲಕ್ಕೆ ನಮ್ಮಲ್ಲಿಗೆ ತೆತುವಾನ್‌ಗೆ ಬರಲಿ, ಮಗು ಇರುವ ಮನೆಯಲ್ಲಿ ಹೊಗೆ ಬೇಡ" ಅಂತ ನೀನು ಬರೆದೆಯಲ್ಲ, ಅವತ್ತೇ ಶುರುವಾಯಿತು ಈ ರಂಪ. ನಿಮ್ಮಪ್ಪ ಎದೆ ತಟ್ಟಿಕೊಂಡು "ಬಿಟ್ಟೆ ಕಣೇ" ಅಂದ. ಇಪ್ಪತ್ತೈದು ವರ್ಷದಿಂದ ಸೇದುವವನು! ಪೇಟೆಯ ಡಾಕ್ಟರಮ್ಮ, "ಒಂದೇ ಸಲ ಬೇಡ ಯಜಮಾನರೇ, ಸ್ವಲ್ಪ ಸ್ವಲ್ಪ ಇಳಿಸಿ" ಅಂದರು.

ಇಳಿಸುವುದು ನನ್ನ ಕೈಯಲ್ಲೇ ಇತ್ತಲ್ಲ! ಅವನಿಗೆ ಕೊಚ್ಚಿ ಕೊಡುವವಳು ನಾನೇ. ಹಲಗೆಯ ಮೇಲೆ ಭಂಗಿ ಸೊಪ್ಪು ಎರಡು ಪಾಲು, ಕಪ್ಪು ತಂಬಾಕು ಒಂದು ಪಾಲು, ಸಣ್ಣಗೆ ಕೊಚ್ಚಿ ಬೆರೆಸಬೇಕು. ನಾನು ಮಹಾ ಬುದ್ಧಿವಂತೆ, ಹೇಳದೆ ಕೇಳದೆ ಪಾಲು ತಿರುವಿ ಹಾಕಿದೆ: ತಂಬಾಕು ಎರಡು, ಸೊಪ್ಪು ಒಂದು.

ಎರಡು ದಮ್ಮಿಗೇ ತಲೆ ಸುತ್ತಿ ಅಂಗಳದಲ್ಲೆಲ್ಲ ವಾಂತಿ ಮಾಡಿಕೊಂಡ. ಎದ್ದವನೇ "ಏನ್ ಬೆರೆಸಿದ್ಯೇ? ನನ್ನನ್ನ ಕೊಲ್ತೀಯೇನೇ?" ಅಂತ ಕೆಟಲ್ ಎತ್ತಿ ಬೀಸಿದ. ಕುದಿಯುವ ಚಹಾ ಪೂರ್ತಿ ನನ್ನ ಕೈಮೇಲೆ. ಹಲಗೆ ಗೋಡೆಗೆ ಬಡಿದು ಎರಡು ಹೋಳು. ನಾನೇನು ಸುಮ್ಮನಿದ್ದೆನೇ? ಎಡಗೈಯಲ್ಲಿ ಒಲೆಯ ಕೊಳ್ಳಿ ಎಳೆದು, "ಬಾರೋ! ಇನ್ನೊಂದು ಹೆಜ್ಜೆ ಇಡು, ಗಡ್ಡ ಸುಟ್ಟುಬಿಡ್ತೀನಿ" ಅಂದೆ. ಯಾಮ್ನಾ ಇದನ್ನು ಬರೆಯುತ್ತಾ ನಗುತ್ತಿದ್ದಾಳೆ, ಅವಳಿಗೇನು!

ಡಾಕ್ಟರಮ್ಮ ಕೈಗೆ ಮುಲಾಮು ಹಚ್ಚಿ ನನಗೇ ಬೈದರು. "ಕದ್ದು ಇಳಿಸ್ಬೇಡಿ ಅಮ್ಮ, ತಂಬಾಕಂತೂ ಬೇಡವೇ ಬೇಡ. ದಿನಕ್ಕೆ ಎಷ್ಟು ಚಿಲುಮೆ ಅಂತ ಅವರೇ ಹೇಳ್ಲಿ. ನಿದ್ದೆ ಬರಲ್ಲ, ಸಿಟ್ಟು ಬರುತ್ತೆ, ಕೆಲವು ವಾರಕ್ಕೆ ತಗ್ಗುತ್ತೆ. ಆದ್ರೆ ಕೈ ಎತ್ತಿದ್ರೆ ನೀವು ಆ ಮನೇಲಿ ನಿಲ್ಲಬೇಡಿ" ಅಂದರು. ನಾನು ಎಲ್ಲಿಗೆ ಹೋಗಲಿ?

ಮೂವತ್ತು ಚಿಲುಮೆ ಇದ್ದದ್ದು ಇಪ್ಪತ್ತಾಯಿತು, ಹತ್ತಾಯಿತು, ಎರಡಾಯಿತು. ಇಳಿದ ಹಾಗೆಲ್ಲ ಮನೆಯಲ್ಲಿ ಏನಾದರೊಂದು ಮುರಿಯಿತು. ಬಾಗಿಲು ಒದ್ದು ಕಿತ್ತ. ಕೂಗಿತೆಂದು ಹುಂಜದ ಕತ್ತು ಬರಿಗೈಯಲ್ಲಿ ತಿರುಚಿದ. ಹೇಸರಗತ್ತೆಗೆ ಸರಪಳಿಯಲ್ಲಿ ಬಾರಿಸಿದ, ಪಾಪ, ಅದರ ಒಂದು ಕಣ್ಣು ಹೋಯಿತು. ಹಾಳಾದವನು! ಆದರೂ ಬೆಳಿಗ್ಗೆ ಬೆವರಲ್ಲಿ ತೊಯ್ದು ನಡುಗುತ್ತಾ ಕೂತಿದ್ದರೆ ಕಂಬಳಿ ಹೊದಿಸುತ್ತಿದ್ದೆ. ಗಂಜಿ ಕಾಸಿ ಕೊಟ್ಟೆ, ಬಟ್ಟಲು ನನ್ನ ಹಣೆಗೇ ಬಂತು.

ಈಗ ಇಪ್ಪತ್ತಮೂರು ದಿನವಾಯಿತು, ಒಂದು ದಮ್ಮೂ ಇಲ್ಲ. ಚಿಲುಮೆಯನ್ನು ಅವನೇ ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡಿದ. ಊರೆಲ್ಲ ಶಹಬ್ಬಾಸ್ ಅನ್ನುತ್ತಿದೆ. ನಿನ್ನೆ ಕ್ಷೌರ ಮಾಡಿಸಿಕೊಂಡು ಬಂದು, "ಶುಕ್ರವಾರದ ಬಸ್ಸಿಗೆ ಹೊರಟೆ. ಮೊಮ್ಮಗನನ್ನ ಎತ್ಕೊಂಡು ಊರೆಲ್ಲ ಸುತ್ತಿಸ್ತೀನಿ" ಅಂದ. ಈ ಕಾಗದ ನಾಳೆಯೇ ಡ್ರೈವರ್ ಕೈಯಲ್ಲಿ ಬರುತ್ತದೆ.

ನಿನ್ನ ಮನೆ ತುಂಬಿರಲಿ, ಕಂದನಿಗೆ ಯಾರ ದೃಷ್ಟಿಯೂ ತಾಗದಿರಲಿ.

ನಿನ್ನ ಅಮ್ಮ,
ಮೀಮೂಂತ್

ತಾ.ಕ.: ಯಾಮ್ನಾ ಎದ್ದು ಹೋದಳು. ಇದು ನಾನೇ ಎಡಗೈಯಲ್ಲಿ ಗೀಚುತ್ತಿರುವುದು, ಮಸೀದಿಯ ತರಗತಿಯಲ್ಲಿ ಕಲಿತ ಅಕ್ಷರ. ಅವನಿಗೆ ಸೊಪ್ಪು ಹಿಡಿಸಿದವಳು ನಾನೇ ಅರ್ಕಿಯಾ. ಮದುವೆಯಾದ ಮೊದಲ ಎರಡು ವರ್ಷ ದಿನಾ ಹೊಡೆಯುತ್ತಿದ್ದ. ಎಲ್ಲೋ ಒಮ್ಮೆ ಯಾರದೋ ಚಿಲುಮೆ ಸೇದಿದ ದಿನ ಮಾತ್ರ ಸುಮ್ಮನೆ ಮೂಲೆ ಹಿಡಿಯುತ್ತಿದ್ದ, ಅದಕ್ಕೇ ಕೊಚ್ಚಿ ತುಂಬಿಸಿ ಕೊಡತೊಡಗಿದೆ. ನೀನು ಮೆಟ್ಟಿಲಿಂದ ಉರುಳಿದೆ, ಅದಕ್ಕೇ ನಿನ್ನ ಮೊಣಕೈ ಸೊಟ್ಟಗಾಯಿತು ಅಂತ ಹೇಳುತ್ತಾ ಬಂದದ್ದು ಸುಳ್ಳು. ಆರು ತಿಂಗಳ ಕೂಸು ನೀನು. ಅಳು ನಿಲ್ಲಿಸಲಿಲ್ಲವೆಂದು ಎತ್ತಿ ಗೋಡೆಗೆ ಎಸೆದ. ಅಪ್ಪ ಬಂದರೆ ಊಟ ಹಾಕು, ಹಾಸಿಗೆ ಹಾಸು. ಮಗುವನ್ನು ಅವನ ಕೈಗೆ ಕೊಡಬೇಡ.